ಸುಳಿ ಇರುವಲ್ಲಿ

"ಗುರುಗಳೇ, ಇಡೀ ಬಟ್ಟಲಿಗೆ ಒಂದೇ ದಿಕ್ಕು ಕೊಟ್ಟರೆ ಸಾಲದೇ?" ಎಂದು ವರದೇಶ ಕೇಳಿದ.

ಬಟ್ಟಲು ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡ ಆರು ವರ್ಷದ ಹುಡುಗಿಯೊಬ್ಬಳಿಗೆ ಕೃತಕ ಕಾಲು ಮಾಡಬೇಕಿತ್ತು. ಅವಳ ಮೊಂಡುಗಾಲು ಕೂರುವ ಬಟ್ಟಲನ್ನು ಕಾರ್ಬನ್ ಎಳೆಗಳ ಪದರಗಳಿಂದ ಕಟ್ಟುವುದೆಂದು ತೀರ್ಮಾನವಾಗಿತ್ತು. ಆ ಎಳೆ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ. ಪದರವನ್ನು ಅಡ್ಡಕ್ಕೆ ಎಳೆದರೆ ಸೀಳುತ್ತದೆ. ಆದ್ದರಿಂದ ಬಟ್ಟಲು ಎಷ್ಟು ಭಾರ ತಡೆದೀತೆಂದು ಲೆಕ್ಕ ಹಾಕುವ ಮೊದಲು, ಅದರ ಒಂದೊಂದು ತುಂಡಿನಲ್ಲೂ ಎಳೆ ಯಾವ ಕಡೆಗೆ ಹೋಗುತ್ತದೆಂದು ಹೇಳಬೇಕು. ಲೆಕ್ಕಕ್ಕೆಂದು ಕಂಪ್ಯೂಟರ್ ಬಟ್ಟಲನ್ನು ವಿಂಗಡಿಸಿಕೊಂಡ ತುಂಡುಗಳು ಎಂಟು ಸಾವಿರ. ವರದೇಶ 'ಎಲ್ಲವೂ ಮೇಲಿನಿಂದ ಕೆಳಕ್ಕೆ' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ.

ಗುರುಗಳು ಬಟ್ಟಲನ್ನು ತಿರುಗಿಸಿ ಅದರ ತಳವನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ಹಲಗೆ ಕೈಗೆ ಬಂದರೆ ಅದರ ಎಳೆ ನೋಡಿ, ಒಂದು ತುದಿಯಲ್ಲಿ ಬಾಣದ ಗುರುತು ಹಾಕುತ್ತಿದ್ದ. ಆಮೇಲೆ ಕಣ್ಣುಮುಚ್ಚಿ ಉಜ್ಜುಗೊರಡು ಓಡಿಸಿದರೂ ಒಂದು ಸಿಬಿರೂ ಏಳುತ್ತಿರಲಿಲ್ಲ. ಹೀಗಿರುವಾಗ ಅವನ ಹೆಂಡತಿ ತೀರಿಕೊಂಡಳು. ಪುಟ್ಟ ಮಗಳ ತಲೆ ಬಾಚುವ ಕೆಲಸ ಅವನ ಪಾಲಿಗೆ ಬಂತು.

ಹಲಗೆಗೆ ಒಗ್ಗಿದ ಜಾಣತನ ತಲೆಗೂ ಒಗ್ಗೀತೆಂದು ಅವನು ನಂಬಿದ. ಹಣೆಯಿಂದ ಹಿಂದಕ್ಕೆ ಎಂದು ದಿಕ್ಕು ಗೊತ್ತು ಮಾಡಿಕೊಂಡು ಒಂದೇ ಸಮನೆ ಬಾಚಿದ. ಮಗು ದಿನವೂ ಅತ್ತಿತು. ತಾಯಿಯ ನೆನಪಿಗೆ ಅಳುತ್ತದೆ ಎಂದುಕೊಂಡು ಅವನೂ ಅತ್ತ. ಎಂಟನೆಯ ದಿನ ಅದು ಬಾಚಣಿಗೆ ಕಂಡದ್ದೇ ಪಕ್ಕದ ಮನೆಗೆ ಓಡಿಹೋಗಿ ಸೂಲಗಿತ್ತಿ ಅಜ್ಜಿಯ ಸೆರಗಿನಲ್ಲಿ ಅಡಗಿಕೊಂಡಿತು. ಇನ್ನು ಇವಳು ನನ್ನ ಹತ್ತಿರ ಬರುವುದಿಲ್ಲ ಎಂದು ಬಡಗಿಯ ಎದೆ ಒಡೆಯಿತು.

ಅಜ್ಜಿ ಮಗುವನ್ನು ಕೈಹಿಡಿದು ಕರೆತಂದಳು. "ಅಯ್ಯೋ ಮಂಕೇ, ಹಲಗೆಗಾದ್ರೆ ಒಂದು ಗುರುತು ಸಾಕು. ಇದು ತಲೆ ಕಣೋ, ಗುಂಡಗಿದೆ. ಬಾಚಣಿಗೆ ಕೆಳಗಿಡು. ಮೊದಲು ಅಂಗೈ ಆಡಿಸಿ ನೋಡು, ಯಾವ ಕೂದಲು ಎತ್ತ ಹೋಗ್ತದೆ ಅಂತ ಅದೇ ಹೇಳ್ತದೆ."

ಬಡಗಿ ಅಂಗೈ ಆಡಿಸಿದ. ಕಿವಿಯ ಮೇಲೆ ಕೂದಲು ಒಂದು ಕಡೆಗೆ ಬಾಗಿತ್ತು, ಕತ್ತಿನ ಬಳಿ ಇನ್ನೊಂದು ಕಡೆಗೆ. ನೆತ್ತಿಯ ಹಿಂದೆ ಸುಳಿ ಸಿಕ್ಕಿತು. ಅಲ್ಲಿ ಕೂದಲು ಸುತ್ತ ಎಲ್ಲ ಕಡೆಗೂ ಹೊರಳಿತ್ತು. ಇದೇ ದಿಕ್ಕು ಎಂದು ಹೇಳುವಂತಿರಲಿಲ್ಲ. ಅವನ ಬಾಚಣಿಗೆ ದಿನವೂ ಸಿಕ್ಕಿಕೊಳ್ಳುತ್ತಿದ್ದ ಜಾಗ ಅದು. ದಿನವೂ ಅವನು ಜೋರಾಗಿ ಎಳೆದಿದ್ದ ಜಾಗವೂ ಅದೇ. ಮಗಳು ಹುಟ್ಟಿ ಆರು ವರ್ಷವಾದರೂ ಅವಳ ಸುಳಿ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಬಾಚಣಿಗೆಯನ್ನು ಸುಳಿಯಿಂದ ಹೊರಕ್ಕೆ, ಕೂದಲು ಹೋದತ್ತ, ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಬಾಚಿದ. ಬಹಳ ಹೊತ್ತು ಹಿಡಿಯಿತು. ಜಡೆ ಮುಗಿದಾಗ ಮಗು ಅವನ ಮಂಡಿಗೆ ಒರಗಿಕೊಂಡು, "ಅಪ್ಪಾ, ನಾಳೇನೂ ನೀನೇ ಬಾಚು" ಎಂದಿತು.

ಕತೆ ಮುಗಿಯಿತು. ವರದೇಶ ಬಟ್ಟಲಿನ ತಳ ನೋಡಿದ. ಗೋಡೆ ಒಳಕ್ಕೆ ಬಾಗಿ ಕೂಡುವ ಆ ಜಾಗದಲ್ಲಿ ಅವನು ಕೊಟ್ಟ 'ಕೆಳಕ್ಕೆ' ಎಂಬ ದಿಕ್ಕಿಗೆ ಅರ್ಥವೇ ಇರಲಿಲ್ಲ. ಕಂಪ್ಯೂಟರ್ ತನಗೆ ತೋಚಿದತ್ತ ಎಳೆಗಳನ್ನು ತಿರುಗಿಸಿ ಸುಮ್ಮನಾಗಿತ್ತು. ಹುಡುಗಿ ಹೆಜ್ಜೆ ಊರಿದಾಗಲೆಲ್ಲ ಆ ತಳವೂ ಭಾರ ಹೊರಬೇಕು.

"ಆದರೆ ಗುರುಗಳೇ, ಕಂಪ್ಯೂಟರ್ ಎಲ್ಲೂ ತಪ್ಪು ಅಂತ ತೋರಿಸಲೇ ಇಲ್ಲವಲ್ಲ" ಎಂದ ಮೆಲ್ಲಗೆ.

ಗುರುಗಳು ಅವನ ನೆತ್ತಿಯ ಮೇಲೆ ಕೈಯಿಟ್ಟರು.

"ಬಡಗಿಯ ಮಗಳು ಅವನೆದುರಿಗೇ ಅತ್ತಳಪ್ಪ, ಈ ಮಗು ಅಳುವಾಗ ನೀನು ಅಲ್ಲಿರುವುದಿಲ್ಲ."