ಸೀಳದ ಎದೆ

"ಗುರುಗಳೇ, ಸಣ್ಣ ಗಾಯವೇ ಸಾಕು ಎಂದು ರೋಗಿಯೇ ಕೈಮುಗಿದು ಕೇಳುವಾಗ, ಒಲ್ಲೆ ಎನ್ನಲು ನಾವು ಯಾರು?"

ಹೃದಯದ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಶಿಷ್ಯೆ ಹೀಗೆ ಕೇಳಿದಳು. ಮರುದಿನ ಒಬ್ಬ ಮುದುಕಿಯ ಹೃದಯದ ಕವಾಟ ಸರಿಪಡಿಸುವುದಿತ್ತು. ಎದೆಮೂಳೆ ಸೀಳಿಯೇ ಮಾಡೋಣ ಎಂದು ಗುರುಗಳು ಹೇಳಿದ್ದು ಅವಳಿಗೆ ಹಿಡಿಸಿರಲಿಲ್ಲ. ಗುರುಗಳು ಕನ್ನಡಕ ತೆಗೆದಿಟ್ಟು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಶಸ್ತ್ರವೈದ್ಯನಿದ್ದ. ಎದೆಮೂಳೆ ಮುಟ್ಟದೆ, ಪಕ್ಕೆಲುಬಿನ ಸಂದಿಯಲ್ಲಿ ಬೆರಳುದ್ದದ ಗಾಯ ಮಾಡಿ, ಅಲ್ಲಿಂದಲೇ ಕವಾಟ ಸರಿಪಡಿಸುತ್ತಿದ್ದ. ಆ ಹೊತ್ತಿನಲ್ಲಿ ಹೃದಯದ ಕೆಲಸವನ್ನು ಯಂತ್ರ ನೋಡಿಕೊಳ್ಳಬೇಕು. ಎದೆ ಸೀಳಿದರೆ ಯಂತ್ರದ ಕೊಳವೆಯನ್ನು ಹೃದಯದ ಪಕ್ಕದಲ್ಲೇ ಜೋಡಿಸಬಹುದು; ಸೀಳದಿದ್ದರೆ ಯಂತ್ರ ತಳ್ಳುವ ರಕ್ತ ತೊಡೆಯ ನಾಳದಿಂದ ಮೇಲೇರಿ ಮೈಗೆಲ್ಲ ಹರಿಯಬೇಕು. ಆದ್ದರಿಂದ ಮೊದಮೊದಲು ಅವನು ಪ್ರತಿ ರೋಗಿಗೂ ಕುತ್ತಿಗೆಯಿಂದ ತೊಡೆಯವರೆಗೆ ಸ್ಕ್ಯಾನ್ ಮಾಡಿಸಿ, ದಾರಿ ಚೊಕ್ಕಟವಿದ್ದರೆ ಮಾತ್ರ ಒಪ್ಪುತ್ತಿದ್ದ. ಆಮೇಲೆ ಹೆಸರು ಬಂತು. ಹೆಸರು ಬಂದ ಮೇಲೆ ಒಲ್ಲೆ ಎನ್ನಲು ನಾಲಿಗೆ ಏಳುವುದಿಲ್ಲ ನೋಡು.

ಅವನಲ್ಲಿಗೆ ಒಬ್ಬ ನೇಕಾರ ಹೆಂಡತಿಯೊಡನೆ ಬಂದ. ಕವಾಟ ಸೋರುತ್ತಿತ್ತು, ಮಲಗಿದರೂ ಏದುಸಿರು.

"ಎದಿ ಸೀಳಬ್ಯಾಡ್ರಿ ಸಾಹೇಬ್ರ. ಸೀಳಿದ್ರ ಮಗ್ಗಕ್ಕ ಕೂಡೂದು ಯಾವಾಗ? ಈ ಕೈಗೆ ಬ್ಯಾರೆ ಕೆಲಸ ಬರೂದಿಲ್ಲ," ಎಂದು ಕೈಮುಗಿದ.

ವೈದ್ಯನ ಕರುಳು ಚುರ್ರೆಂದಿತು. ಸೀಳುವುದಿಲ್ಲ ಎಂದು ಮಾತು ಕೊಟ್ಟ. ಎದ್ದು ಹೋಗುವಾಗ ನೇಕಾರ ಇನ್ನೊಂದು ಮಾತು ಹೇಳಿದ. ಈಚೆಗೆ ಮಗ್ಗ ತುಳಿಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ತುಸು ನಿಲ್ಲಿಸಿದರೆ ಬಿಡುತ್ತದೆ, ಮತ್ತೆ ತುಳಿದರೆ ಮತ್ತೆ ಹಿಡಿಯುತ್ತದೆ ಎಂದ. ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವವರಿಗೆ ಅದು ಇದ್ದದ್ದೇ ಎಂದು ವೈದ್ಯ ನಕ್ಕು ಬೆನ್ನು ತಟ್ಟಿದ. ಕಾಲಿನ ನಾಳ ಕಟ್ಟಿಕೊಂಡವರು ಹೇಳುವ ಮಾತೇ ಅದು. ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಸ್ಕ್ಯಾನ್ ಮಾಡಿಸಲಿಲ್ಲ.

ಕವಾಟವೇನೋ ಚೆನ್ನಾಗಿಯೇ ಸರಿಹೋಯಿತು. ಆದರೆ ತೊಡೆಯಿಂದ ಮೇಲೇರಿದ ರಕ್ತ, ನಾಳದ ಗೋಡೆಗೆ ಸುಣ್ಣದಂತೆ ಗಟ್ಟಿಯಾಗಿ ಕಟ್ಟಿದ್ದ ಜಿಡ್ಡಿನ ಚೂರೊಂದನ್ನು ಕಿತ್ತು ಮಿದುಳಿಗೆ ಒಯ್ದಿತ್ತು. ಎಚ್ಚರವಾದಾಗ ನೇಕಾರನ ಬಲಗೈ ಮೇಲೇಳಲಿಲ್ಲ. ಲಾಳಿ ಎಸೆಯುವ ಕೈ ಅದು. ಅಯ್ಯೋ, ಎದೆ ಸೀಳಿದ್ದರೆ ಕೆಲವು ತಿಂಗಳು ನರಳಿ, ಮತ್ತೆ ಮಗ್ಗಕ್ಕೆ ಕೂರುತ್ತಿದ್ದನೇನೋ.

ಮನೆಗೆ ಹೊರಡುವ ದಿನ ಹೆಂಡತಿ ಗಂಡನಿಗೆ ಅಂಗಿ ತೊಡಿಸುತ್ತ ಆ ಪುಟ್ಟ ಗಾಯವನ್ನು ನೋಡಿದಳು.

"ಎದಿ ಸೀಳೂದಿಲ್ಲ ಅಂದಿದ್ರಿ, ಸೀಳಲಿಲ್ರಿ. ನಿಮ್ಮ ಮಾತು ನಡೆಸಿದ್ರಿ," ಎಂದು ವೈದ್ಯನಿಗೆ ಕೈಮುಗಿದಳು.

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಗುರುಗಳು ಕನ್ನಡಕ ಹಾಕಿಕೊಂಡು ಶಿಷ್ಯೆಯ ಕಡೆ ತಿರುಗಿದರು.

"ಆ ಮುದುಕಿ ಕೇಳಿಕೊಂಡದ್ದನ್ನು ನೀನು ಕೇಳಿದೆ, ಆಕೆ ತನ್ನ ಕಾಲಿನ ಬಗ್ಗೆ ಹೇಳಿಕೊಂಡದ್ದನ್ನು ಕೇಳಿದೆಯಾ?"