ಹುಸಿಬೆಟ್ಟದ ಮಾರಕ್ಕ

ದೊಡ್ಡ ನಗರದ ಹೊರವರ್ತುಲ ರಸ್ತೆಯನ್ನು ದಾಟಿ ಉತ್ತರಕ್ಕೆ ಹೊರಟರೆ, ಗೋದಾಮುಗಳೂ ಕಲ್ಯಾಣ ಮಂಟಪಗಳೂ ಮುಗಿದು ರಸ್ತೆ ಸ್ವಲ್ಪ ಏರತೊಡಗುವ ಕಡೆ ಒಂದು ಬೋಳುಬಂಡೆಯ ಬೆಟ್ಟಸಾಲು ಎದುರಾಗುತ್ತದೆ. ಅದರ ಬುಡದಲ್ಲಿ ಹರಡಿಕೊಂಡಿರುವ ಪುಟ್ಟ ಪಟ್ಟಣವೇ ಹುಸಿಬೆಟ್ಟ. ದಕ್ಷಿಣಕ್ಕೆ ರೈಲು ನಿಲ್ದಾಣ, ನಡುವೆ ಹಳೇಪೇಟೆ, ಬೆಟ್ಟದ ಕಡೆಗೆ ಹೊಸ ಬಡಾವಣೆಗಳು. ಈ ಬಡಾವಣೆಗಳಿರುವ ಜಾಗದಲ್ಲಿ ಮೊನ್ನೆಮೊನ್ನೆಯವರೆಗೂ ಸೀಬೆ ತೋಟಗಳಿದ್ದವು. ಈಗಲೂ ಕೆಲವು ಮನೆಗಳ ಹಿತ್ತಲಲ್ಲಿ ಹಳೆಯ ಸೀಬೆಮರವೊಂದು ಕಾಂಪೌಂಡ್ ಗೋಡೆಗೆ ಒರಗಿ ನಿಂತಿರುತ್ತದೆ. ಬೆಟ್ಟಸಾಲಿನಿಂದ ಎರಡು ಕಣಿವೆಗಳು ಊರಿನ ತಲೆಯ ಬಳಿ ಬಂದು ಕೂಡುತ್ತವೆ. ಪಶ್ಚಿಮದ್ದು ತೆರೆದ ಕಣಿವೆ. ಅದರ ಮೂಲಕ ಏರಿದರೆ ಬೆಟ್ಟದ ಆಚೆಯ ಸೀಮೆಗೆ ಇಳಿಯಬಹುದು. ಪೂರ್ವದ್ದು ಮೊದಲು ಅಗಲವಾಗಿ ಕಂಡು, ಒಳಗೆ ಹೋದಂತೆಲ್ಲ ಕಿರಿದಾಗಿ, ಕೊನೆಗೆ ಕಡಿದಾದ ಬಂಡೆಗೋಡೆಯ ಮುಂದೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಎರಡರಿಂದಲೂ ಹಳ್ಳ ಹರಿಯುತ್ತದೆ. ಊರು ಇಲ್ಲಿ ಹುಟ್ಟುವುದಕ್ಕೆ ಆ ನೀರೂ, ಆ ದಾರಿಯೂ ಕಾರಣ.

ಹೆಸರಿನ ವಿಷಯದಲ್ಲಿ ಮಾತ್ರ ಇಂದಿಗೂ ಒಮ್ಮತವಿಲ್ಲ. ನಿವೇಶನ ಮಾರುವವರು ತಮ್ಮ ಫಲಕಗಳಲ್ಲಿ ‘ಹಸಿರುಬೆಟ್ಟ’ ಎಂದು ಬರೆಸುತ್ತಾರೆ. ಸುಳ್ಳು ಎಂಬ ಅರ್ಥವಿರುವ ಹೆಸರಿನ ಊರಲ್ಲಿ ಮನೆ ಕೊಳ್ಳುವವರು ಯಾರು ಎಂಬುದು ಅವರ ಅಳುಕು. ದೂರದಿಂದ ಎತ್ತರವಾಗಿ ಕಂಡು, ಹತ್ತಿದರೆ ಬೇಗ ಮುಗಿದುಹೋಗುವುದರಿಂದ ಇದು ಹುಸಿಯಾದ ಬೆಟ್ಟ ಎಂದು ವಿವರಿಸುವವರೂ ಇದ್ದಾರೆ. ಹಳೇಪೇಟೆಯಲ್ಲಿ ಕಲ್ಲುಕೆಲಸದ ಮನೆತನದ ವೀರಭದ್ರಾಚಾರಿ ಎಂಬ ಹಿರಿಯರಿದ್ದರು. ಅವರ ಮುಂದೆ ಈ ಮಾತೆತ್ತಿದರೆ ಉಳಿಯನ್ನು ಕೆಳಗಿಟ್ಟು, “ಬೆಟ್ಟ ಏನು ಹುಸಿ ಮಾಡೀತು? ಹುಸಿ ಆಡೋದು ಮನುಷ್ಯರು” ಎನ್ನುತ್ತಿದ್ದರು. ಕೆಳಗಿನದು ಅವರು ಹೇಳಿದಂತೆ, ನನಗೆ ನೆನಪಿರುವಂತೆ.

ಹಿಂದೆ, ಈ ಸೀಮೆಯೆಲ್ಲ ಪಾಳೆಯಗಾರರ ಕೈಯಲ್ಲಿದ್ದ ಕಾಲಕ್ಕೆ, ಎರಡು ಕಣಿವೆಗಳು ಕೂಡುವ ಕಡೆ ಊರಿರಲಿಲ್ಲ. ಅಲ್ಲೊಂದು ಅರವಟಿಗೆ ಇತ್ತು: ಹುಲ್ಲು ಹೊದಿಸಿದ ಚಪ್ಪರ, ಮರಳಿನ ಮೇಲೆ ಕೂರಿಸಿದ ದೊಡ್ಡ ಮಣ್ಣಿನ ಬಾನಿಗಳು. ದಾರಿಹೋಕರಿಗೆ ನೀರು ಕೊಡುತ್ತಿದ್ದವಳು ಮಾರಕ್ಕ. ಅವಳ ಗಂಡ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬೆಟ್ಟ ದಾಟುತ್ತಿದ್ದವನು. ಒಂದು ಬೇಸಿಗೆಯಲ್ಲಿ ನೀರು ಸಿಗದೆ ದಾರಿಯಲ್ಲೇ ಬಿದ್ದು ಸತ್ತನಂತೆ. ಅಂದಿನಿಂದ ಮಾರಕ್ಕ ಹಳ್ಳದ ಒರತೆಯಿಂದ ನೀರು ಹೊತ್ತು ತಂದು ಬಾನಿಗಳನ್ನು ತುಂಬಿಸಿಟ್ಟಳು. ಯಾವ ದಾರಿ ಹಿಡಿಯಬೇಕು, ಮೇಲೆ ಚಿರತೆ ಇದೆಯೇ, ಮಳೆ ಬರುವ ಮೊದಲು ಆಚೆ ದಾಟಬಹುದೇ ಎಂದು ಜನ ಅವಳನ್ನೇ ಕೇಳುತ್ತಿದ್ದರು. ಅವಳು ಹೇಳಿದ್ದು ತಪ್ಪುತ್ತಿರಲಿಲ್ಲ.

ಅವಳ ಮಾತಿಗೆ ಅಷ್ಟು ಬೆಲೆ ಬಂದದ್ದು ಕೇವಲ ದಾರಿ ಹೇಳಿದ್ದರಿಂದಲ್ಲ. ಅವಳ ತಮ್ಮ ಬೈಚಪ್ಪನಿಗೂ ಪಕ್ಕದ ಹೊಲದ ಒಬ್ಬ ವಿಧವೆಗೂ ಎಲ್ಲೆಯ ಜಗಳ ಬಿದ್ದು, ಪಂಚಾಯಿತಿ ಸೇರಿದಾಗ ಹಿರಿಯರು ಮಾರಕ್ಕನನ್ನು ಸಾಕ್ಷಿಗೆ ಕರೆದರು. ಒಡಹುಟ್ಟಿದವನ ಪರವಾಗಿ ಹೇಳುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಹೊಲದಲ್ಲಿ ನಡೆದುಹೋಗಿ ಎಲ್ಲೆ ಇದ್ದ ಜಾಗದಲ್ಲಿ ನಿಂತುಕೊಂಡಳು. ಬೈಚಪ್ಪನ ಅರ್ಧ ಹೊಲ ವಿಧವೆಯ ಪಾಲಾಯಿತು. ಆಮೇಲೆ ಅವನು ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ. ದನ ಮೇಯಿಸಲು ಕಣಿವೆಗೆ ಬಂದರೂ ಅರವಟಿಗೆಯ ನೀರು ಕುಡಿಯದೆ ಹಳ್ಳಕ್ಕೆ ಬಗ್ಗಿ ಕುಡಿದು ಹೋಗುತ್ತಿದ್ದ. ಸುತ್ತಲಿನವರು ಮಾತ್ರ ಅಂದಿನಿಂದ ಯಾವ ವ್ಯಾಜ್ಯಕ್ಕೂ ಅವಳನ್ನೇ ಕರೆಯತೊಡಗಿದರು. ಎರಡು ಹಳ್ಳಿಗಳು ಗೋಮಾಳಕ್ಕಾಗಿ ಕತ್ತಿ ಹಿಡಿದು ಎದುರುಬದುರು ನಿಂತಿದ್ದಾಗ ಅವಳ ಒಂದು ಮಾತಿಗೆ ಎರಡು ಕಡೆಯವರೂ ಮನೆಗೆ ಮರಳಿದ್ದುಂಟು. ಅಂದು ಮೊದಲು ಕತ್ತಿ ಕೆಳಗಿಟ್ಟವನು ಗಂಗಪ್ಪನಾಯಕ ಎಂಬ ಯುವಕ. ಮುಂದೆ ಅವನೇ ಕೋಟೆಮಾಳದ ಪಾಳೆಯಗಾರನ ಬಳಿ ಕುದುರೆದಳದ ನಾಯಕನಾದ.

ಆ ಕೋಟೆಮಾಳದಲ್ಲಿ ಕೋಟೆಯ ಕೆಲಸ ನಡೆದಿತ್ತು. ದೂರದೂರದಿಂದ ಕಲ್ಲುಕುಟಿಗರನ್ನು ಸಂಸಾರ ಸಮೇತ ಕರೆಸಿಕೊಂಡಿದ್ದ ಪಾಳೆಯಗಾರ, ಒಂದು ಸುತ್ತಿನ ಗೋಡೆ ಮುಗಿದರೆ ಇನ್ನೊಂದು ಸುತ್ತು ಎನ್ನುತ್ತ ಅವರನ್ನು ಊರಿಗೆ ಬಿಡಲೇ ಇಲ್ಲ. ಹೊರಡುತ್ತೇವೆ ಎಂದ ಇಬ್ಬರ ಬಲಗೈ ಕಡಿಸಿದ ಎನ್ನುತ್ತಾರೆ. ಕಲ್ಲುಕುಟಿಗನ ಕೈ ಹೋದರೆ ಅವನಿಗೆ ಉಳಿಯುವುದೇನು? ಹಬ್ಬದ ಗದ್ದಲದಲ್ಲಿ ಕಾವಲು ಸಡಿಲವಾದದ್ದನ್ನು ನೋಡಿ ಅವರ ಹಿರಿಯ ಹನುಮೋಜ ಎಲ್ಲರನ್ನೂ ಕರೆದುಕೊಂಡು ಹೊರಬಿದ್ದ. ಬೆಟ್ಟ ದಾಟಿದರೆ ಬೇರೆ ಅರಸನ ಸೀಮೆ. ಅಲ್ಲಿಗೆ ಪಾಳೆಯಗಾರನ ಕುದುರೆಗಳು ಕಾಲಿಡುವಂತಿರಲಿಲ್ಲ.

ಅವರು ಅರವಟಿಗೆ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ಗಂಡಸರು ಮಕ್ಕಳನ್ನು ಹೆಗಲ ಮೇಲೆ ಹೊತ್ತಿದ್ದರು. ದಾರಿಯಲ್ಲೇ ಹೆತ್ತ ಒಬ್ಬ ಹುಡುಗಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಮಾರಕ್ಕ ನೀರು ಕೊಟ್ಟಳು. ಬಾಣಂತಿಗೆ ತನ್ನ ಪಾಲಿನ ಅಂಬಲಿ ಕುಡಿಸಿದಳು. ಪಶ್ಚಿಮದ ಕಣಿವೆ ತೋರಿಸಿ, ಎಲ್ಲಿ ಜಾರುತ್ತದೆ, ಎಲ್ಲಿ ನೆರಳಿದೆ ಎಂದು ವಿವರಿಸಿದಳು. ಹನುಮೋಜ ಕೈಮುಗಿದು ಹೇಳಿದ: “ತಾಯಿ, ನಮ್ಮನ್ನು ಹುಡುಕಿಕೊಂಡು ಸವಾರರು ಬರುತ್ತಾರೆ. ನಿನ್ನನ್ನು ಕೇಳುತ್ತಾರೆ.”

“ಕೇಳಿದರೆ ಇದ್ದದ್ದನ್ನೇ ಹೇಳುವವಳಪ್ಪಾ ನಾನು,” ಎಂದಳು ಮಾರಕ್ಕ. “ಬೇರೆ ಹೇಳಿ ಅಭ್ಯಾಸವಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಬೇಗ ಬೇಗ ನಡೆಯಿರಿ.”

ಹನುಮೋಜ ಮತ್ತೇನೂ ಬೇಡಲಿಲ್ಲ. ಆದರೆ ಬೇಗ ನಡೆಯುವ ಶಕ್ತಿ ಆ ಗುಂಪಿನಲ್ಲಿ ಉಳಿದಿರಲಿಲ್ಲ.

ಸವಾರರು ಬಂದಾಗ ಗುಂಪಿನ ಕೊನೆ ಇನ್ನೂ ಏರಿನ ಅರ್ಧದಲ್ಲಿತ್ತು. ಹೊರಗೆ ನಿಂತವರಿಗೆ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಸಂಜೆಬಿಸಿಲು ತಡೆಯಲೆಂದು ಚಪ್ಪರದ ಪಶ್ಚಿಮದ ಅಂಚನ್ನು ಬಾನಿಗಳ ಎತ್ತರಕ್ಕೆ ಇಳಿಬಿಟ್ಟಿದ್ದರಿಂದ ಕೆಳಗಿಳಿದು ನೀರು ಕುಡಿಯುತ್ತಿದ್ದವರಿಗೆ ಆ ಏರು ಕಾಣುತ್ತಿರಲಿಲ್ಲ. ಒಳಗೆ ನಿಂತ ಮಾರಕ್ಕನಿಗೆ ಹುಲ್ಲಿನ ಸಂದಿನಲ್ಲಿ ಕಾಣುತ್ತಿತ್ತು. ಬಾಣಂತಿ ಒಂದು ಬಂಡೆಗೆ ಒರಗಿ ಕುಳಿತುಬಿಟ್ಟಿದ್ದಳು. ಮುದುಕ ಹನುಮೋಜ ಹಿಂದಕ್ಕೆ ಬಂದು ಅವಳ ಕೂಸನ್ನು ಎತ್ತಿಕೊಳ್ಳುತ್ತಿದ್ದ. ಅಷ್ಟರಲ್ಲಿ ಗಂಗಪ್ಪನಾಯಕ ಬಾಯೊರೆಸಿಕೊಂಡು, “ಅಕ್ಕ, ಕಲ್ಲುಕುಟಿಗರು ಈ ದಾರಿಯಲ್ಲಿ ಬಂದರೇ?” ಎಂದು ಕೇಳಿದ. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ತನ್ನ ಮನೆಯ ಹಿರಿಯಳನ್ನು ಕೇಳಿದ ಹಾಗೆ ಕೇಳಿದ.

ಸುಮ್ಮನಿದ್ದರೆ ಆ ಮೌನವೇ ಉತ್ತರವಾಗುತ್ತಿತ್ತು. “ಬಂದರು,” ಎಂದಳು. “ಯಾವ ಕಡೆ ಹೋದರು?” ಮಾರಕ್ಕ ಸೌಟನ್ನು ಬಾನಿಯ ಮೇಲಿಟ್ಟು, ಬಲಗೈ ಎತ್ತಿ, ಪೂರ್ವದ ಕಣಿವೆಯನ್ನು ತೋರಿಸಿದಳು. “ಆ ಕಡೆ.”

ಸವಾರರಲ್ಲೊಬ್ಬನಿಗೆ ಅನುಮಾನ ಬಂತು. “ಅದು ಮುಂದೆ ಮುಚ್ಚಿಕೊಂಡಿದೆಯಲ್ಲ, ಅಲ್ಲಿಗೆ ಯಾಕೆ ಹೋಗುತ್ತಾರೆ?” ಎಂದ. ಬಂಡೆನೆಲವಾದ್ದರಿಂದ ಹೆಜ್ಜೆಗುರುತು ನೋಡುವಂತಿರಲಿಲ್ಲ. ದನಗಳನ್ನು ಹೊಡೆದುಕೊಂಡು ಹಳ್ಳದ ಬಳಿ ನಿಂತಿದ್ದ ಬೈಚಪ್ಪನನ್ನು ಆ ಸವಾರ ಕೂಗಿ ಕರೆದ. ಬೈಚಪ್ಪ ಮಧ್ಯಾಹ್ನದಿಂದ ಅಲ್ಲೇ ಇದ್ದವನು. ಗುಂಪು ಬಂದದ್ದು, ನೀರು ಕುಡಿದದ್ದು, ಪಶ್ಚಿಮಕ್ಕೆ ತಿರುಗಿದ್ದು, ಎಲ್ಲವನ್ನೂ ಕಣ್ಣಾರೆ ಕಂಡಿದ್ದ.

“ಈ ಹೆಂಗಸು ಹೇಳುವುದು ನಿಜವೇನೋ?” ಎಂದು ಸವಾರ ಗದರಿಸಿದ.

ಬೈಚಪ್ಪ ಅಕ್ಕನ ಮುಖ ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನು ಅವಳನ್ನು ನೇರವಾಗಿ ನೋಡಿದ್ದು ಅಂದೇ. ಅವಳ ಎತ್ತಿದ ಕೈ ಇನ್ನೂ ಪೂರ್ವದ ಕಡೆಗೇ ಇತ್ತು. “ನಮ್ಮಕ್ಕ ಹುಸಿ ಆಡುವವಳಲ್ಲ,” ಎಂದ ಬೈಚಪ್ಪ. “ಆಡುವವಳಾಗಿದ್ದರೆ ನನ್ನ ಹೊಲ ನನ್ನ ಹತ್ತಿರವೇ ಇರುತ್ತಿತ್ತು.”

ಗಂಗಪ್ಪನಾಯಕನಿಗೆ ಅಷ್ಟೇ ಸಾಕಾಯಿತು. ಕಲ್ಲುಕುಟಿಗರ ಬಳಿ ಸುತ್ತಿಗೆ ಹಾರೆಗಳಿವೆ ಎಂದು ದಳವನ್ನು ಒಡೆಯದೆ ಎಲ್ಲರನ್ನೂ ಕರೆದುಕೊಂಡು ಪೂರ್ವದ ಕಣಿವೆಗೆ ನುಗ್ಗಿದ. ಆ ಕಣಿವೆಯ ತುಂಬ ಗವಿಗಳು, ಮುಳ್ಳುಪೊದೆಗಳು. ಒಂದೊಂದನ್ನೂ ಶೋಧಿಸುತ್ತ ಹೋದವರಿಗೆ ಬಂಡೆಗೋಡೆ ಸಿಕ್ಕುವಷ್ಟರಲ್ಲಿ ಸೂರ್ಯ ಮುಳುಗಿದ. ಕತ್ತಲಲ್ಲಿ ಆ ಕಲ್ಲುಗಳ ನಡುವೆ ಕುದುರೆ ಇಳಿಸಲಾಗದೆ ಅಲ್ಲೇ ಉಳಿದು, ಬೆಳಗಾದ ಮೇಲೆ ಹಿಂದಿರುಗಿದರು. ಅಷ್ಟು ಹೊತ್ತಿಗೆ ಬಾಣಂತಿಯೂ ಕೂಸೂ ಸೇರಿ ಎಲ್ಲರೂ ಬೆಟ್ಟದ ಆಚೆ ಇಳಿದಾಗಿತ್ತು.

ಮಾರಕ್ಕ ಓಡಿಹೋಗಿರಲಿಲ್ಲ. ಬೆಳಗಿನ ನೀರು ತುಂಬುತ್ತಿದ್ದಳು. ಗಂಗಪ್ಪನಾಯಕ ಕುದುರೆಯಿಂದಿಳಿದು ಅವಳ ಮುಂದೆ ನಿಂತ. “ಹುಸಿ ಹೇಳಿದೆಯಾ ಅಕ್ಕ?” ಎಂದ. “ಹೇಳಿದೆ,” ಎಂದಳು. ಸವಾರನೊಬ್ಬ ಕತ್ತಿ ಹಿರಿದರೆ ನಾಯಕ ಅವನನ್ನು ತಡೆದ. ಆಮೇಲೆ ಕೇಳಿದ: “ಅವತ್ತು ಗೋಮಾಳದಲ್ಲಿ ನಿನ್ನ ಮಾತು ನಂಬಿ ಕತ್ತಿ ಕೆಳಗಿಟ್ಟೆನಲ್ಲ. ಅದೂ ಹುಸಿಯೇನು?”

“ಅದು ನಿಜ.”

“ಈಗ ಅದನ್ನು ಹೇಗೆ ನಂಬಲಿ?”

ಕತ್ತಿಗೆ ಹೆದರದವಳು ಆ ಮಾತಿಗೆ ಕುಸಿದು ಕುಳಿತಳು ಎನ್ನುತ್ತಾರೆ.

ಗಂಗಪ್ಪನಾಯಕ ಅವಳ ಪ್ರಾಣ ತೆಗೆಯಲಿಲ್ಲ. ಅಕ್ಕನನ್ನು ನಂಬಿ ಮೋಸಹೋದವನೆಂದು ಬೈಚಪ್ಪನನ್ನು ಯಾರೂ ಹಿಡಿಯಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ತಮಟೆ ಹೊಡೆಸಿದ: ಇನ್ನು ಮುಂದೆ ಮಾರಕ್ಕನ ಸಾಕ್ಷಿ ಎಲ್ಲಿಯೂ ನಡೆಯುವುದಿಲ್ಲ, ಅವಳು ನಿಂತ ಈ ಬೆಟ್ಟವನ್ನು ಎಲ್ಲರೂ ಹುಸಿಬೆಟ್ಟವೆಂದೇ ಕರೆಯತಕ್ಕದ್ದು. ಅವಮಾನವೆಂದು ಇಟ್ಟ ಹೆಸರು ಅದು. ಅವಳಿಗೆ ಅದಕ್ಕಿಂತ ಕಠಿಣವಾದ ಶಿಕ್ಷೆ ಅವನಿಗೆ ತೋಚಿರಲಾರದು. ಹಿಂದೆ ಅವಳ ಸಾಕ್ಷಿಯಿಂದ ಸೋತವರೆಲ್ಲ ತಮ್ಮ ತಮ್ಮ ವ್ಯಾಜ್ಯಗಳನ್ನು ಮತ್ತೆ ಎತ್ತಿದರು. ಗೋಮಾಳಕ್ಕೆ ಮತ್ತೆ ಹೊಡೆದಾಟವಾಗಿ ಒಬ್ಬ ಸತ್ತ. ಮಾರಕ್ಕನ ಕಥೆ ಹೇಳುವವರು ಈ ಸಾವನ್ನು ಬಿಟ್ಟುಬಿಡುತ್ತಾರೆ, ವೀರಭದ್ರಾಚಾರಿಗಳು ಬಿಡುತ್ತಿರಲಿಲ್ಲ.

ಬೈಚಪ್ಪನ ಪಕ್ಕದ ಹೊಲದ ವಿಧವೆಗೂ ದಿಗಿಲು ಹತ್ತಿತು. ಅವಳು ತಾನಾಗಿಯೇ ಬಂದು, “ಹೊಲ ಬಿಟ್ಟುಕೊಡಬೇಕೇನಣ್ಣ?” ಎಂದು ಕೇಳಿದಳು. ಪಂಚಾಯಿತಿಯವರೂ ಅವನ ಕಡೆಗೇ ಇದ್ದರು. ಬೈಚಪ್ಪ ನೇಗಿಲು ನಿಲ್ಲಿಸಿ, “ಎಲ್ಲೆ ಅವಳು ನಿಂತಲ್ಲೇ ಇದೆ. ನಿನ್ನ ಹೊಲ ನೀನು ಉಳು,” ಎಂದ. ಅಂದು ಮಧ್ಯಾಹ್ನ ಅವನು ಅರವಟಿಗೆಗೆ ಹೋಗಿ ಅಕ್ಕನ ಕೈಯಿಂದ ನೀರು ಇಸಿದುಕೊಂಡು ಕುಡಿದ.

ಆಮೇಲೆ ಮಾರಕ್ಕ ಬಹುಕಾಲ ಬದುಕಿದಳು. ದಾರಿಹೋಕರು ನೀರು ಕುಡಿಯುತ್ತಿದ್ದರು, ಆದರೆ ದಾರಿಯನ್ನು ಬೈಚಪ್ಪನ ಬಳಿ ಕೇಳುತ್ತಿದ್ದರು. ಅವಳು ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಿದ್ದಳು. ನೀನು ಮಾಡಿದ್ದು ಪುಣ್ಯವೆಂದು ಯಾರಾದರೂ ಸಮಾಧಾನ ಹೇಳಲು ಹೋದರೆ ಒಪ್ಪುತ್ತಿರಲಿಲ್ಲ. “ಹುಸಿ ಹುಸಿಯೇ. ನನ್ನನ್ನು ನಂಬಿದವನಿಗೆ ಹೇಳಿದೆ,” ಎನ್ನುತ್ತಿದ್ದಳು. ಹಾಗಾದರೆ ಆ ಸವಾರರು ಮತ್ತೆ ಬಂದು ಕೇಳಿದರೆ ಏನು ಹೇಳುತ್ತೀ ಎಂದರೆ, ಯೋಚಿಸದೆ, “ಅದನ್ನೇ ಹೇಳುತ್ತೇನೆ” ಎನ್ನುತ್ತಿದ್ದಳು.

ಪಾಳೆಯಗಾರನ ಕಾಲ ಮುಗಿದು ಕೋಟೆಮಾಳ ಹಾಳುಬಿದ್ದ ಮೇಲೆ ಕಲ್ಲುಕುಟಿಗರು ಬೆಟ್ಟ ದಾಟಿ ಮರಳಿ ಬಂದರು. ಮಾರಕ್ಕ ಆಗ ಇರಲಿಲ್ಲ. ಅವರು ಅರವಟಿಗೆಯ ಸುತ್ತಲೇ ಮನೆ ಕಟ್ಟಿಕೊಂಡರು. ಇಂದಿನ ಹಳೇಪೇಟೆ ಹುಟ್ಟಿದ್ದು ಹಾಗೆ. ಊರಿಗೆ ಒಳ್ಳೆಯ ಹೆಸರಿಡಿ ಎಂದು ಯಾರೋ ಹೇಳಿದರೆ ಅವರು ಒಪ್ಪಲಿಲ್ಲ. ಬದುಕಿ ಉಳಿದದ್ದೇ ಆ ಹುಸಿಯಿಂದ, ಅದನ್ನು ಅಳಿಸುವುದು ಹೇಗೆ ಎಂದರು. ಅವಳದೊಂದು ಮೂರ್ತಿ ಕಡೆಯಲು ಕುಳಿತಾಗ ಮಾತ್ರ ಅವರಲ್ಲೇ ಭಿನ್ನಾಭಿಪ್ರಾಯ ಬಂತು. ಪೂಜೆಗೆ ನಿಲ್ಲಿಸುವ ಮೂರ್ತಿಯ ಕೈ ಸರಿಯಾದ ದಾರಿಯನ್ನೇ ತೋರಿಸಲಿ ಎಂದರು ಕೆಲವರು. ಹಣ್ಣುಹಣ್ಣು ಮುದುಕನಾಗಿದ್ದ ಬೈಚಪ್ಪನನ್ನು ಕೇಳಿದರು. “ಅವಳು ಅವತ್ತು ತೋರಿಸಿದ ಕಡೆಗೇ ಇರಲಿ,” ಎಂದ ಅವನು. “ಚಂದ ಮಾಡಲು ಹೋಗಬೇಡಿ.”

ಬಸ್ ನಿಲ್ದಾಣದಿಂದ ಮೇಲಕ್ಕೆ, ನೀರಿನ ಟ್ಯಾಂಕ್ ದಾಟಿ ಹೋದರೆ, ಎರಡು ಕಣಿವೆಗಳು ಕೂಡುವ ಕಡೆ ಆ ಗುಡಿ ಈಗಲೂ ಇದೆ. ಬಾಗಿಲಿಲ್ಲದ ನಾಲ್ಕು ಕಂಬದ ಗುಡಿ. ಒಳಗೆ ಆಳೆತ್ತರದ ಹೆಂಗಸು, ಬಲಗೈ ಪೂರ್ವಕ್ಕೆ ಚಾಚಿದೆ. ಅಲ್ಲಿ ಯಾರೂ ಆಣೆ ಮಾಡುವುದಿಲ್ಲ, ವರ ಬೇಡುವುದಿಲ್ಲ. ಬಂದವರು ಒಂದು ಚೊಂಬು ನೀರನ್ನು ಅವಳ ಪಾದದ ಬಳಿ ಇಟ್ಟು ಹೋಗುತ್ತಾರೆ. ಭಾನುವಾರ ಬೆಟ್ಟ ಹತ್ತಲು ಬರುವ ಹೊಸಬರು ಅವಳ ಕೈ ನೋಡಿ ಪೂರ್ವಕ್ಕೆ ಹೊರಟು, ಬಂಡೆಗೋಡೆಗೆ ಮುಟ್ಟಿ, ಬೆವರೊರೆಸಿಕೊಂಡು ಹಿಂದಿರುಗುತ್ತಾರೆ. ಊರಿನವರು ಅವಳಿಗೆ ಕೈಮುಗಿಯುತ್ತಾರೆ. ಆಮೇಲೆ ಆ ಚಾಚಿದ ಕೈಗೆ ಬೆನ್ನುಮಾಡಿ ಪಶ್ಚಿಮದ ಏರು ಹಿಡಿಯುತ್ತಾರೆ.