ಗೆದ್ದಲರಾಯರ ಮೆಚ್ಚುಗೆ

ಕುಣಿಯುವುದೆಂದರೆ ಪ್ರಾಣ ಬಿಡುವ ಅಳಿಲೊಂದಿತ್ತು. ಪೊಟರೆಯ ಮುಂದೆ ಕುಣಿಯಲೆಂದು ಅದು ಕಟ್ಟಿಸಿದ್ದ ಮರದ ಅಟ್ಟಣೆ ಅಳಿಲಿನ ಮದುವೆಯ ದಿನವೇ ಕುಸಿದು, ಮದುಮಗಳು ಕೆಳಗಿದ್ದ ಎಮ್ಮೆಯ ಬೆನ್ನ ಮೇಲೆ ಬಿದ್ದಿದ್ದಳು. ಈ ಸಲ ಗಟ್ಟಿಯಾದದ್ದೇ ಬೇಕೆಂದು ಅಳಿಲು ಬಡಗಿಯ ಅಂಗಳಕ್ಕೆ ಬಂದು, "ಬಿಸಿಲು ಮಳೆಗೆ ಜಗ್ಗದವರು ಯಾರಿದ್ದೀರಿ?" ಎಂದು ಕೇಳಿತು.

"ನಾನು! ನಾನು!" ಎಂದು ಹಲಗೆಗಳೆಲ್ಲ ಒಟ್ಟಿಗೆ ಕೂಗಿದವು.

ಆಗ ನೆಲದೊಳಗಿನಿಂದ ಗೆದ್ದಲು ತಲೆಯೆತ್ತಿತು. "ಮರದ ವಿಚಾರ ನನ್ನನ್ನು ಕೇಳಬೇಕು. ನಮ್ಮದು ತಲೆತಲಾಂತರದ ಅನುಭವ" ಎಂದು ಗತ್ತಿನಿಂದ ಪರೀಕ್ಷೆಗಿಳಿಯಿತು.

ಬೇವಿನ ಹಲಗೆಗೆ ಬಾಯಿಟ್ಟದ್ದೇ ತಡ, "ಥೂ! ಇದೂ ಒಂದು ಮರವೇ? ಆಚೆ ಎಸೆಯಿರಿ!" ಎಂದು ಉಗುಳಿತು. ಉಳಿದ ಹಲಗೆಗಳು ಬಿದ್ದು ಬಿದ್ದು ನಕ್ಕವು. ಬೇವು ನಾಚಿ ಮೂಲೆ ಸೇರಿತು.

ಮಾವಿನ ಹಲಗೆಯ ಬಳಿ ಹೋದ ಗೆದ್ದಲು ಮಾತ್ರ ಅಲ್ಲಿಂದ ಕದಲಲೇ ಇಲ್ಲ. "ಆಹಾ, ಎಂಥ ಮೃದು ಸ್ವಭಾವ! ಎಂಥ ಸುಸಂಸ್ಕೃತ ಮರ! ನಿಮ್ಮಂಥವರು ಸಿಗುವುದು ನಮ್ಮ ಪುಣ್ಯ!"

ಮಾವಿನ ಹಲಗೆ ಹಿಗ್ಗಿ ಹಿಗ್ಗಿ ನಿಂತಲ್ಲೇ ಥಕಥೈ ಕುಣಿಯಿತು. ಕುಣಿದಷ್ಟೂ ಅದರ ಮೈಯಿಂದ ಪುಡಿ ಉದುರಿತು.

ಅಳಿಲು ಬೇವಿನ ಹಲಗೆಯನ್ನು ಎಳೆದುಕೊಂಡು ಹೊರಟಿತು.

"ಅನ್ಯಾಯ!" ಎಂದು ಮಾವು ಚೀರಿತು. "ಗೆದ್ದಲರಾಯರು ನನ್ನನ್ನು ಅಷ್ಟು ಹೊತ್ತು ಹೊಗಳಿದ್ದು ನಿನಗೆ ಕೇಳಿಸಲಿಲ್ಲವೇ?"

"ಕೇಳಿಸಿತು ಮಾರಾಯ" ಎಂದಿತು ಅಳಿಲು. "ನಡುನಡುವೆ ಅಗಿಯುವ ಸದ್ದೂ ಕೇಳಿಸಿತು."